ಕೀಲು

ಉಂಪಿಯೆರೆಸ್ ಇವತ್ತು ಅಂಗಡಿಗೆ ಬಂದಿದ್ದ.
ಎಡಮಂಡಿಯನ್ನು ಮೊದಲು ಒಳಗೆ ಕಳಿಸಿ
ಆಮೇಲೆ ತಾನು ಬಂದ.
ಕಂಕುಳಲ್ಲಿ ಬಿಸಿನೀರಿನ ಥರ್ಮಾಸು,
ಕೈಯಲ್ಲಿ ಮಾತೇ ಎಲೆಯ ಸೋರೆಬುರುಡೆ.
ಮೂರಿಂಚಿನ ಹಿತ್ತಾಳೆ ಕೀಲು ಎರಡು ಕೊಡು ಅಂದ,
ಹಿತ್ತಿಲ ಬಾಗಿಲು ಜೋತುಬಿದ್ದಿದೆ.

ನನ್ನ ಮೂಗು ನೋಡಿದ. ಬಂದಾಗಲೆಲ್ಲ ನೋಡುತ್ತಾನೆ.
ಅದು ಬಲಕ್ಕೆ ವಾಲಿದ್ದು ಅವನ ಮೊಣಕೈಯಿಂದ:
ಸೆರ್ರೋ ಗುಡ್ಡದ ಕೆಳಗಿನ ಮೈದಾನ, ಕಾರ್ನರ್ ಕಿಕ್,
ತೊಂಬತ್ತಮೂರನೆಯ ಇಸವಿ.
‘ಈಗಲೂ ನೋಯುತ್ತಾ?’
‘ಮೋಡ ಕವಿದರೆ.’
‘ನನಗೂ’ ಅಂತ ಮಂಡಿ ತಟ್ಟಿಕೊಂಡ.

ಅವನ ಅಪ್ಪ ಫ್ರಾಯ್ ಬೆಂಟೋಸಿನ ಮಾಂಸದ ಕಾರ್ಖಾನೆಯಲ್ಲಿ
ಹೆಗಲ ಮೇಲೆ ಅರ್ಧರ್ಧ ದನ ಹೊತ್ತವನು.
ಕಾರ್ಖಾನೆ ಮುಚ್ಚಿದಾಗ ಹುಡುಗನಿಗೆ ಒಂಬತ್ತು.
ಹದಿನೈದಕ್ಕೆ ಮಾಂಟೆವಿಡಿಯೋ ಬಸ್ಸು.
ಮುಂದೆ ಆಡುತ್ತೇನೆ ಅಂದಿದ್ದಕ್ಕೆ
ಕೋಚು ಅವನ ಕತ್ತಿನ ದಪ್ಪ ನೋಡಿ
‘ಹಿಂದೆ ನಿಲ್ಲು’ ಅಂದನಂತೆ.

ಹದಿನೇಳು ವರ್ಷ ನಿಂತ.

ಇಲ್ಲಿ ಎರಡು ಕ್ಲಬ್ಬು, ಒಂದರಲ್ಲಿ ಸಂಬಳ ಬರುತ್ತಿತ್ತು.
ನಡುವೆ ಗ್ರೀಸಿನಲ್ಲಿ ಒಂದೂವರೆ ಸೀಸನ್ನು,
ಆ ಊರಿನ ಹೆಸರು ಅವನಿಗೆ ಇವತ್ತಿಗೂ ಬರೆಯಲು ಬಾರದು.
ಅವರೂ ಅವನ ಹೆಸರನ್ನು ಅಂಗಿಯ ಮೇಲೆ ತಪ್ಪು ಬರೆದರು.
ತಿದ್ದಿಸಲಿಲ್ಲ.
‘ಬೆನ್ನಿನ ಮೇಲಿದ್ದದ್ದನ್ನ ನಾನೇನು ಓದಬೇಕಿತ್ತಾ?’

ಒಟ್ಟು ಗೋಲು ಮೂರು.
ಮೂರರಲ್ಲಿ ಎರಡು ತನ್ನದೇ ಬಲೆಗೆ.
ಎರಡನೆಯದು ಬಿದ್ದ ಸಂಜೆ
ತಂಡ ಕೆಳಗಿನ ದರ್ಜೆಗೆ ಜಾರಿತು,
ಬಂದರಿನ ಬೀದಿಯ ಕ್ಷೌರದ ಓರೆಸ್ತೆಸ್
ನಾಲ್ಕು ತಿಂಗಳು ಅವನ ತಲೆಗೆ ಕತ್ತರಿ ಮುಟ್ಟಿಸಲಿಲ್ಲ.
ಹಳೆಯ ಫೋಟೋದಲ್ಲಿ ಉಂಪಿಯೆರೆಸನ ಜುಟ್ಟು ಕಂಡರೆ
ಅದೇ ವರ್ಷ ಅಂತ ತಿಳಿಯಿರಿ.

ನಾನು ಮುಂದಿನ ಸಾಲಿನವನು.
ಅರವತ್ತೊಂದು ಗೋಲು. ಭಾನುವಾರದ ಪತ್ರಿಕೆಯಲ್ಲಿ
ಬಾಯಿ ತೆರೆದು ಓಡುತ್ತಿದ್ದವನು,
ಈಗ ಮೊಳೆ ತೂಗುವವನು.
ಆ ಅರವತ್ತೊಂದರಲ್ಲಿ ಒಂದೂ ಕನಸಿಗೆ ಬರುವುದಿಲ್ಲ.
ಬರುವುದು ಇದು: ಆಗಸ್ಟಿನ ಚಳಿ, ಮೊಣಕಾಲುದ್ದ ಕೆಸರು,
ಇವನನ್ನು ದಾಟಿಯಾಗಿದೆ,
ಕೀಪರು ಅಂಗಾತ ಬಿದ್ದಿದ್ದಾನೆ,
ಎದುರಿಗೆ ಬಲೆ, ಅಷ್ಟಗಲ, ತೆರೆದ ಕಣಜದ ಹಾಗೆ.
ಕಾಲೆತ್ತಿದೆ.
ಎಲ್ಲಿಂದಲೋ, ಕೆಸರೇ ಎದ್ದು ಬಂದಂತೆ,
ಒಂದು ಹಿಮ್ಮಡಿ.
ಚೆಂಡು ಹೋಯಿತು. ನಾನು ಗಾಳಿಗೆ ಒದ್ದೆ.
ಇಪ್ಪತ್ತೆಂಟು ವರ್ಷದಿಂದ ಒದೆಯುತ್ತಲೇ ಇದ್ದೇನೆ.
ಹೆಂಡತಿ ಮಂಚದ ಆ ತುದಿಗೆ ಸರಿದು ಮಲಗುತ್ತಾಳೆ.

ಇವತ್ತು ಕೇಳಿಯೇಬಿಟ್ಟೆ, ಕೀಲನ್ನು ಕಾಗದದಲ್ಲಿ ಸುತ್ತುತ್ತಾ.
ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ.
‘ಹಿಮ್ಮಡಿಯಾ? ನಂದಾ?’
ನೆನಪಿಲ್ಲ. ಸುಳ್ಳಾಡುವ ಮುಖವಲ್ಲ ಅದು.
‘ಯಾರು ಗೆದ್ದರು?’
‘ನೀವು. ಒಂದು-ಸೊನ್ನೆ.’
‘ಆ ಒಂದು ಹೊಡೆದವರು ಯಾರು?’

ಬಾಯಿ ತೆರೆದೆ.
ಹೆಸರು ನನಗೂ ಹೊಳೆಯಲಿಲ್ಲ.

ರಿಯಾಯಿತಿ ಕೊಟ್ಟರೆ ಬೇಡ ಅಂದ. ಪೂರ್ತಿ ದುಡ್ಡು ಎಣಿಸಿದ.
ಕಾಗದ ಬಿಚ್ಚಿ ಒಂದು ಕೀಲನ್ನು ಕಿವಿಯ ಹತ್ತಿರ ಹಿಡಿದು
ಮಡಚಿದ, ಬಿಡಿಸಿದ, ಮಡಚಿದ.
ಒಂಚೂರೂ ಸದ್ದಿಲ್ಲ.
‘ಇಂಥದ್ದು ಇದಕ್ಕೂ ಸಿಗೋ ಹಾಗಿದ್ದರೆ’
ಅಂತ ಎಡಮಂಡಿಯ ಕಡೆ ಗದ್ದ ತೋರಿಸಿದ.

ಹೊರಗೆ ತುಂತುರು ಶುರುವಾಗಿತ್ತು.
ಹೊಸ್ತಿಲ ಮೇಲೆ ನಿಂತು ಆಕಾಶ ನೋಡುತ್ತಿದ್ದ,
ಬಾಗಿಲಿಗೆ ಬಾಗಿಲೇ ಆಗಿ.
ಆಚೆ ಬಣ್ಣದ ಡಬ್ಬಿಗೆ ಬಂದ ಹೆಂಗಸು,
ಏಣಿ ಹೊತ್ತ ಹುಡುಗ,
ಇಬ್ಬರಿಗೂ ದಾರಿಯಿಲ್ಲ.

‘ಎಬೆರ್, ಒಂಚೂರು ಸರಿ’ ಅಂದೆ.

ಸರಿದ.
ನನ್ನ ಜೀವಮಾನದಲ್ಲಿ ಮೊದಲ ಸಲ.