ಐದಕ್ಕಿಂತ ಕಡಿಮೆ

ವಿರಾಜಪೇಟೆ ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ
ನಮ್ಮ ಕಚೇರಿ: ಎರಡು ಮೇಜು, ಕಿರುಗುಡುವ ಫ್ಯಾನು,
ಬೀಗ ಹಾಕಿದ ತಗಡಿನ ಪೆಟ್ಟಿಗೆ.
ರಜೆಗೆ ಬಂದ ಸಿಪಾಯಿಗಳು ಅದರ ಸೀಳಿನೊಳಗೆ
ನಲವತ್ತು ಪ್ರಶ್ನೆಯ ಹಾಳೆ ಮಡಚಿ ಹಾಕಬೇಕು.
ಬೀಗದ ಕೈ ನನ್ನದು, ಎಣಿಸುವ ಕೆಲಸವೂ.
ಹವಾಲ್ದಾರ್ ಕ್ಲಾರ್ಕ್ ಬೆಳ್ಯಪ್ಪ, ನಿವೃತ್ತ;
ದಿನಗೂಲಿಯ ಮೇಲೆ ಮತ್ತೆ ಕುರ್ಚಿಗೆ ಬಂದವನು.

‘ಹೆಸರು ಬರೆಯಬೇಡಿ’ ಎಂದಿದೆ ಮೇಲೆ, ದಪ್ಪಕ್ಷರದಲ್ಲಿ.
ಬರೆಯುವುದೇ ಬೇಡ ಈ ಊರಲ್ಲಿ.
ರಸ್ತೆಯಾಚೆ ಒಬ್ಬ ಕೆಮ್ಮಿದರೆ
ಯಾವ ಒಕ್ಕದ ಕೆಮ್ಮು ಎಂದು
ಒಣಮೀನಿನ ಮೊಯ್ದು ತಲೆಯೆತ್ತದೆ ಹೇಳುತ್ತಾನೆ.

ಊಟ ಹೇಗಿದೆ? ಚೆನ್ನಾಗಿದೆ, ಪರವಾಗಿಲ್ಲ, ಕೆಟ್ಟದು.
ಕ್ವಾರ್ಟರ್ಸು ಸಿಕ್ಕಿತೇ? ಮಕ್ಕಳಿಗೆ ಶಾಲೆ?
ಕೇಳಿದಾಗ ರಜೆ ಸಿಕ್ಕಿತೇ,
ಸಿಕ್ಕಾಗ ಕೇಳಿದಿರೆಂದು ಬರೆಸಿಕೊಂಡರೇ?
(ಕೊನೆಯದು ಹಾಳೆಯಲ್ಲಿಲ್ಲ, ನನ್ನದು.)
ನಾಲ್ಕು ಗೆರೆ, ಐದನೆಯದು ಅಡ್ಡ,
ಬೇಲಿಯ ಹಾಗೆ ಬೆಳೆಯುತ್ತದೆ ಲೆಕ್ಕ.

ಇದನ್ನು ನೋಡಿಯೇ ಮೇಲಿನವರು ನಿಯಮ ಬರೆಯುತ್ತಾರಂತೆ.
ನಗಬೇಡಿ.
‘ಕೊಡಗಿಗೆ ರೈಲಿಲ್ಲ, ಮೈಸೂರಿಂದ ಬಸ್ಸು,
ಒಂದು ದಿನ ದಾರಿಯಲ್ಲೇ ಹೋಗುತ್ತದೆ’
ಎಂದು ಹೋದ ಸಲ ಮೂವತ್ತೆಂಟು ಮಂದಿ ಗೀಚಿದ್ದರು.
ರಜೆಗೆ ಒಂದು ದಿನ ಸೇರಿತು.
ಆ ಸುತ್ತೋಲೆಯನ್ನು ಗೋಡೆಗೆ ಅಂಟಿಸಿದ್ದು ನಾನೇ,
ಅಂಟು ಒಣಗುವ ತನಕ ಅಂಗೈ ಒತ್ತಿ ಹಿಡಿದು.

ಮಾರ್ಚಿಯ ಒಂದು ಸಂಜೆ, ಈ ಹಾಳೆ.
ದರ್ಜೆ: ನಾಯಕ್. ಕೆಲಸ: ಶ್ವಾನದಳ.
ಸೇವೆ: ಹನ್ನೊಂದು ವರ್ಷ. ತಾಲೂಕು: ವಿರಾಜಪೇಟೆ.
ಊಟ ಚೆನ್ನಾಗಿದೆ. ಕ್ವಾರ್ಟರ್ಸು ಪರವಾಗಿಲ್ಲ.
ನಲವತ್ತನೆಯದು ‘ಇತರೆ ವಿಷಯ’.
ಅಲ್ಲಿ ಪೆನ್ನು ನಿಂತಿದೆ, ಮಸಿ ಹರಡಿದೆ, ಆಮೇಲೆ:

‘ಜಿಪ್ಸಿಗೆ ಒಂಬತ್ತು ತುಂಬಿತು. ಮೂಗು ಮಂದ.
ಮುಂದಿನ ತಿಂಗಳು ಬೇರೆ ಕಡೆ ಕಳಿಸುತ್ತಾರೆ,
ಎಲ್ಲಿಗೆ ಎಂದು ಹೇಳುವುದಿಲ್ಲ.
ನಮ್ಮ ಮನೆಯಲ್ಲಿ ಜಾಗ ಇದೆ.
ಎರಡು ಸಲ ಅವಳು ದಾರಿಯಲ್ಲಿ ಕೂತುಬಿಟ್ಟಳು,
ನಾನು ಅಲ್ಲೇ ನಿಂತೆ.
ಹಾಗಾಗಿ ಈ ಹಾಳೆ ತುಂಬುತ್ತಿದ್ದೇನೆ.’

ಯಾರೆಂದು ತಿಳಿಯಲು ಅರ್ಧ ನಿಮಿಷ ಬೇಕಾಗಲಿಲ್ಲ.
ಮಲೆತಿರಿಕೆ ಬೆಟ್ಟದ ಬುಡದವನು.
ಅವನ ಅಪ್ಪನೊಡನೆ ನಾನು ಶಾಲೆಗೆ ಹೋದವನು.
ಹೆಸರು ಇಲ್ಲೂ ಹೇಳುವುದಿಲ್ಲ.

ಕೈಪಿಡಿ, ಪುಟ ಹನ್ನೆರಡು:
‘ಯಾವ ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಮಂದಿಯೋ
ಆ ಗುಂಪನ್ನು ಪಟ್ಟಿಯಲ್ಲಿ ತೋರಿಸತಕ್ಕದ್ದಲ್ಲ;
ಉತ್ತರಿಸಿದವರ ಗುರುತು ಸಿಗುವ ಸಂಭವ.’
ಒಳ್ಳೆಯ ನಿಯಮ. ಬರೆದವನು
ಇಂಥದೇ ಸಣ್ಣ ಊರಿನವನಿರಬೇಕು.
ಅದರಂತೆ ಇವನನ್ನು ಕಾಪಾಡುವುದೆಂದರೆ
‘ಇತರೆ’ ಎಂಬ ಕಂಬಳಿಯೊಳಗೆ
ಅಡುಗೆಯವ, ಕ್ಷೌರದವ, ದರ್ಜಿಯ ನಡುವೆ ಮಲಗಿಸಿ
ದೀಪ ಆರಿಸುವುದು.

ರಾತ್ರಿ ಹಾಸನದ ತೀರ್ಥಪ್ಪನಿಗೆ ಫೋನು ಮಾಡಿದೆ:
ನಿನ್ನ ಪೆಟ್ಟಿಗೆಯಲ್ಲಿ ನಾಯಿಯವರುಂಟಾ?
ಒಬ್ಬ.
ಬೆಳಗಾವಿಯ ಇನಾಮದಾರನ ಹತ್ತಿರ ಇಬ್ಬರು.
ಒಬ್ಬನದು ಇದೇ ಮಾತು, ಇನ್ನೊಬ್ಬನಿಗೆ ಬೂಟಿನ ಚಿಂತೆ.
ಇರಲಿ, ಬೂಟಿನವನೂ ಒಂದು ತಲೆ.
ನಾಲ್ಕಾಯಿತು. ಅಡ್ಡಪಟ್ಟಿ ಇಲ್ಲದ ನಾಲ್ಕು ಗೂಟ.

ಐದೆಂದು ಬರೆಯಲು ಎಷ್ಟು ಹೊತ್ತು?
ಆದರೆ ಇಪ್ಪತ್ತೆರಡು ವರ್ಷ
ಅಕ್ಕಿ, ಕಂಬಳಿ, ಕಾರ್ತೂಸು,
ಒಮ್ಮೆ ಹಿಮ ಕರಗಿದ ಮೇಲೆ ಮನುಷ್ಯರನ್ನೂ
ಎಣಿಸಿದ ಬೆರಳು ಇವು. ಬಾಗುವುದಿಲ್ಲ.

ಬುಧವಾರದ ಸಂತೆಯಲ್ಲಿ ಎದುರೇ ಸಿಕ್ಕ.
‘ಏನು ಬೆಳ್ಯಪ್ಪಣ್ಣ, ಪೆಟ್ಟಿಗೆ ತುಂಬಿತಾ?’
‘ತುಂಬ್ತಾ ಇದೆ. ಹೊರಡುವುದು ಯಾವಾಗ?’
‘ಭಾನುವಾರ.’
ನನಗೆ ಗೊತ್ತೆಂದು ಅವನಿಗೆ ಗೊತ್ತು;
ಇಬ್ಬರೂ ಮೊಯ್ದುವಿನ ತಕ್ಕಡಿ ನೋಡಿದೆವು.
ಅವನ ಚೀಲದಿಂದ ಇಣುಕುತ್ತಿತ್ತು
ಹೊಸ ಅಲ್ಯುಮಿನಿಯಂ ಬೋಗುಣಿ,
ಮನುಷ್ಯರು ಉಣ್ಣುವ ಅಳತೆಯದಲ್ಲ.

ಪಟ್ಟಿ ಕಳಿಸಲು ನಾಳಿದ್ದೇ ಕೊನೆಯ ದಿನ.
ಕುಶಾಲನಗರದ ಕಚೇರಿಗೆ ಹಚ್ಚಿದ್ದೇನೆ.
ಗಂಟೆ ಹೋಗುತ್ತಿದೆ. ಯಾರೂ ಎತ್ತುತ್ತಿಲ್ಲ.
ಊಟಕ್ಕೆ ಹೋಗಿರಬೇಕು.
ಇನ್ನೊಮ್ಮೆ ಹಚ್ಚುತ್ತೇನೆ.