ಆಟಿಯಲ್ಲಿ ಅಳತೆ

ಆಟಿಯಲ್ಲಿ ಯಾರೂ ಮದುವೆ ರವಿಕೆ ಹೊಲಿಸುವುದಿಲ್ಲ.
ಶಾಲೆಯ ಯೂನಿಫಾರ್ಮೆಲ್ಲ ಜೂನಿಗೇ ಮುಗಿದಿರುತ್ತದೆ.
ಹಂಪನಕಟ್ಟೆಯಲ್ಲಿ, ಮೆಟ್ಟಿಲಡಿಯ ನನ್ನ ಅಂಗಡಿಯೆದುರು
ಮಳೆಯದ್ದೊಂದೇ ಹೊಲಿಗೆ, ಮೇಲಿಂದ ಕೆಳಕ್ಕೆ, ನೂಲು ಕಡಿಯದೆ.

ಹಾಗೆ ಹೊರಟದ್ದು. ಆರು ದಿನ, ವಿಯೆಟ್ನಾಮಿನ ನಡುಸೊಂಟ.
ಚೀಲ ನಾನೇ ಹೊಲಿದದ್ದು, ಮುರಿದ ಕೊಡೆಗಳ ಬಟ್ಟೆಯಿಂದ,
ಹೆಗಲ ಪಟ್ಟಿಗೆ ಎರಡೆರಡು ಸಲ ಅಡ್ಡ ಹೊಲಿಗೆ ಹಾಕಿ.
"ಐವತ್ತಮೂರಕ್ಕೆ ಬೆನ್ನಿಗೆ ಚೀಲವಾ ಮಾರಾಯ್ತಿ?"
ಎಂದರು ಪಕ್ಕದ ವಾಚ್ ರಿಪೇರಿಯ ಉಮರಬ್ಬ.
ಬೆನ್ನು ಉಂಟಲ್ಲ, ಎಂದೆ.

ಜೊತೆಗೆ ಐರಿನ್ ಕ್ರಾಸ್ತಾ, ರಕ್ತಪರೀಕ್ಷೆಯ ಲ್ಯಾಬಿನವಳು.
ನಕ್ಷೆ ಅವಳ ಫೋನಿನಲ್ಲಿ, ಮಿಡಿ ಉಪ್ಪಿನಕಾಯಿ ನನ್ನ ಚೀಲದಲ್ಲಿ.

ಹ್ವೇಯಲ್ಲಿ ಹತ್ತು ಹಾಸಿಗೆಯ ಕೋಣೆ, ಮೇಲಿನ ಮಂಚ ನನಗೆ.
ಮೊಣಕಾಲು ಪ್ರತಿ ಮೆಟ್ಟಿಲಿಗೂ ಲೆಕ್ಕ ಕೇಳಿತು.
ಬೆಳಿಗ್ಗೆ ಅರಮನೆ: ಗೋಡೆ ಉಂಟು, ಬಾಗಿಲು ಉಂಟು,
ಒಳಗೆ ಅರ್ಧಕ್ಕರ್ಧ ಹುಲ್ಲು. ಯುದ್ಧ, ಎಂದರು.
ರಾಜ ಕೂರುತ್ತಿದ್ದಲ್ಲಿ ಮುಖವೆಲ್ಲ ಮುಚ್ಚಿಕೊಂಡ ಒಬ್ಬಳು
ಕಳೆ ಕೀಳುತ್ತಿದ್ದಳು.
ಎಂಥ ಬಿಸಿಲು! ಆಟಿಯ ಸುದ್ದಿಯೇ ಮುಟ್ಟಿಲ್ಲ ಅಲ್ಲಿಗೆ.

ರೈಲು ಘಟ್ಟ ಬಳಸಿ ಡಾ ನಾಂಗಿಗೆ ಇಳಿಯಿತು.
ಮರುದಿನ ಬೆಳಿಗ್ಗೆ ಸೂರ್ಯ ಸಮುದ್ರದಿಂದ ಎದ್ದು ಬಂದ.
ಪಣಂಬೂರಿನಲ್ಲಿ ಅವನು ಮುಳುಗುವುದನ್ನೇ ಕಂಡವಳು ನಾನು;
ಒಳಮೈ ಹೊರಗಾಗಿ ಲಂಗ ಉಟ್ಟ ಹಾಗೆ
ಇಡೀ ದಿನ ಕಸಿವಿಸಿ.
ರಾತ್ರಿ ಸೇತುವೆಯ ಮೇಲಿನ ಕಬ್ಬಿಣದ ಡ್ರ್ಯಾಗನ್
ಮೊದಲು ಬೆಂಕಿ ಉಗುಳಿತು, ಮತ್ತೆ ನೀರು, ನಮ್ಮ ತಲೆಗೇ.
ಒಂದು ಬೋಗುಣಿ ಶ್ಯಾವಿಗೆಗೆ ಅರವತ್ತು ಸಾವಿರ!
ಮೇಲೆ ಎರಡು ಹನಿ ಮೀನಿನ ರಸ:
ಬಂದರಿನ ಒಣಮೀನು ಗೋದಾಮು, ಸೀಸೆಯಲ್ಲಿ.
ಐರಿನ್ ಎರಡನೇ ಬೋಗುಣಿ ಕೇಳಿದಳು.

ಮಿ ಸನ್‌ನ ಇಟ್ಟಿಗೆ ಗುಡಿಗಳಲ್ಲಿ
ಗೈಡ್ ಹುಡುಗ "ಶಿವ" ಎಂದು ನಿಲ್ಲಿಸಿ ನನ್ನ ಮುಖ ನೋಡಿದ,
ಸರಿ ಹೇಳಿದೆನಾ ಎನ್ನುವ ಹಾಗೆ.
ತಲೆಯಾಡಿಸಿದೆ. ಕಲ್ಲಿನ ಮೇಲಿನ ಅಕ್ಷರ
ಅವನಿಗೂ ಬರುವುದಿಲ್ಲ, ನನಗೂ.
ಪಕ್ಕದಲ್ಲೇ ಬಾಂಬು ಬಿದ್ದ ಗುಂಡಿ, ಅದನ್ನು ಓದಲಿಕ್ಕೆ ಕಲಿಯಬೇಕಿಲ್ಲ.

ಹೋಯಿ ಆನ್ ಬಗ್ಗೆ ಎಲ್ಲರೂ ಕೇಳುವುದು ಗೂಡುದೀಪ.
ದೀಪ ಇತ್ತು. ನಾನು ನೋಡಿದ್ದು ಹೊಲಿಗೆಯಂಗಡಿಗಳನ್ನು,
ಬೀದಿಯುದ್ದಕ್ಕೂ, ನಮ್ಮಲ್ಲಿ ಚಿನ್ನದಂಗಡಿ ಇರುವ ಹಾಗೆ.
ಒಂದರ ಒಳಗೆ ಸುಮ್ಮನೆ ಹೋದೆ, ಕಾಜಾ ಹೇಗೆ ಹಾಕುತ್ತಾರೆ ಅಂತ.
ನನ್ನ ಪ್ರಾಯದವಳೇ. ಕುತ್ತಿಗೆಯಲ್ಲಿ ಟೇಪು.
ಅಂಗಡಿ ಬೋರ್ಡಿನಲ್ಲಿರುವುದು ಅತ್ತೆಯ ಹೆಸರು, ಊರಿಗೆಲ್ಲ ನಾನು ಜಲಜಕ್ಕ;
ಅವಳು ಕೇಳಿದಾಗ "ಚಂಚಲಾಕ್ಷಿ" ಎಂದುಬಿಟ್ಟೆ.
ಚೀಟಿಯಲ್ಲಿ "ಚಾನ್" ಎಂದು ಬರೆದುಕೊಂಡಳು.

ಕೈ ಎತ್ತು ಎಂದು ಸನ್ನೆ ಮಾಡಿದಳು.
ಮೂವತ್ತೊಂದು ವರ್ಷ ಊರ ಎದೆ, ಸೊಂಟ, ತೋಳು ಅಳೆದಿದ್ದೇನೆ,
ಹೆತ್ತ ಮೇಲಿನದ್ದು, ಕಾಯಿಲೆಯ ನಂತರದ್ದು,
ಸುಳ್ಳು ಹೇಳಿ ಒಂದಿಂಚು ಕಮ್ಮಿ ಬರೆದದ್ದು.
ನನ್ನದನ್ನು ಯಾರೂ ಹಿಡಿದು ನೋಡಿರಲಿಲ್ಲ.
ಟೇಪು ಬೆನ್ನಿನ ಮೇಲೆ ತಣ್ಣಗೆ ಹರಿಯಿತು.
ಎಡ ಹೆಗಲ ಹತ್ತಿರ ನಿಂತು, ಇನ್ನೊಮ್ಮೆ ಅಳೆದು,
ಬೆರಳ ಸಂದಿಯಲ್ಲಿ ತೋರಿಸಿದಳು: ಅರ್ಧ ಇಂಚು ತಗ್ಗು.
ಮತ್ತೆ ತನ್ನ ಹೆಗಲು ತೋರಿಸಿ, ಮೆಷಿನಿನ ಕಡೆ ನೋಡಿ,
ನಕ್ಕಳು. ಅವಳದು ಬಲಗಡೆ.

ಈಗ ಚೀಲ ಮೊಳೆಯಲ್ಲಿ ತೂಗುತ್ತಾ ಉಂಟು,
ಒಣಗಿಲ್ಲ, ಒಂದು ಪಟ್ಟಿ ಬಿಟ್ಟುಕೊಂಡಿದೆ.
ಉಮರಬ್ಬನಿಗೆ ಕೊಟ್ಟ ಕಾಫಿಪುಡಿ ಅವರಿಗೆ ಹಿಡಿಸಲಿಲ್ಲ.
ಅವಳು ಹೊಲಿದ ಅಂಗಿ ತೊಟ್ಟು ಕೂತಿದ್ದೇನೆ:
ಹೆಗಲು ಸರಿಯಾಗಿ ಕೂತಿದೆ, ಕಂಕುಳಲ್ಲಿ ಸ್ವಲ್ಪ ಬಿಗಿ.
ಬಿಚ್ಚಿ ಸರಿಮಾಡಲಿಕ್ಕೆ ಹತ್ತು ನಿಮಿಷದ ಕೆಲಸ.
ಬ್ಲೇಡು ಕೈಯಲ್ಲೇ ಉಂಟು.
ಇರಲಿ, ಸೋಣ ಬರಲಿ.