ಕುಸುರೆಳ್ಳು

ಮೂಗುಬೊಟ್ಟು ಬಿಚ್ಚಿಡಿ. ಕಾಲುಂಗುರ.
ಸೆರಗಿನ ಗಂಟಿನಲ್ಲಿ ಏನದು, ಕೀಲಿಕೈಯೆ?
ಅದೂ ಇರಲಿ ಈ ತಟ್ಟೆಯಲ್ಲೇ.
ಒಳಗೆ ಕೂತಿರುವ ಅಯಸ್ಕಾಂತ
ಕಬ್ಬಿಣ ಕಂಡರೆ ಬಿಡುವುದಿಲ್ಲ, ಹೋದ ವರ್ಷ
ನೆಲ ಒರೆಸುವವನ ಬಕೆಟ್ಟನ್ನೇ ಎಳೆದುಕೊಂಡಿತ್ತು.

ಶೇವಂತಿ ತಾಂಡೇಲ, ಐವತ್ತೆಂಟು, ಮಾಜಾಳಿ.
ಎಲ್ಲ ಬಿಚ್ಚಿಟ್ಟು, ನೀಲಿ ಗೌನಿನೊಳಗೆ ಸಣ್ಣಗಾಗಿ
ನನ್ನ ಕೈಯ ಸಿರಿಂಜು ನೋಡುತ್ತಾಳೆ:
"ಇದೇನು ಮಾರಾಯ್ತಿ, ಕರೀ ಕಷಾಯ?"
ಕಬ್ಬಿಣ, ಅನ್ನುತ್ತೇನೆ.
"ಒಂದು ಕೀಲಿಕೈ ಬೇಡ ಅಂದವಳು
ಕಬ್ಬಿಣವನ್ನೇ ಚುಚ್ಚುತ್ತೀಯಲ್ಲ!"

ಹೇಗೆ ಹೇಳಲಿ.
ನಿಮ್ಮೂರ ಗುಡ್ಡದಾಚೆ ತಿಳಮಾತಿ ಇದೆಯಲ್ಲ,
ಎಳ್ಳಿನಂಥ ಕರೀ ಮರಳು,
ಅದರ ಒಂದು ಕಾಳಿನ ಲಕ್ಷದಲ್ಲೊಂದು ಪಾಲು ಇದು.
ಬರಿಮೈಯಲ್ಲಿ ನೆತ್ತರಿಗಿಳಿದರೆ
ಒಂದನ್ನೊಂದು ತಬ್ಬಿ ಗಂಟು ಕಟ್ಟುತ್ತದೆ.
ಅದಕ್ಕೇ ಮೈಮೇಲೊಂದು ಅಂಗಿ,
ಸಕ್ಕರೆಯ ಬಳಗದ್ದೇ, ಉದ್ದ ಸರಪಳಿಯ ಪಾಲಿಮರ್.

ಕೋಡಿಬಾಗದಲ್ಲಿ ನಮ್ಮ ಸೋದರತ್ತೆ
ಸಂಕ್ರಾಂತಿಗೆ ವಾರ ಮೊದಲೇ ಕೆಂಡದ ಮೇಲೆ ಪರಾತ ಇಟ್ಟು
ಎಳ್ಳಿಗೆ ಚಮಚ ಚಮಚ ಪಾಕ ಹನಿಸುತ್ತ
ಬರಿಗೈಯಲ್ಲಿ ಆಡಿಸುತ್ತಿದ್ದಳು. ಆತುರಪಟ್ಟರೆ
ಎಲ್ಲ ಅಂಟಿ ಒಂದೇ ಹೆಂಟೆ.
ಒಂದೊಂದು ಕಾಳಿಗೂ ಅದರದೇ ಬಿಳಿ ಮುಳ್ಳು ಮೂಡುವ ತನಕ.
ಅತ್ತೆಯ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ.

"ಹಾಗಾದರೆ ಸಿಹಿ" ಎಂದು ಶೇವಂತಿ ತೋಳು ಚಾಚುತ್ತಾಳೆ.

ಅರ್ಧ ಗಂಟೆ ಕಾದು, ಗಾಜಿನ ಈಚೆ ನಾನು.
ಯಂತ್ರ ಡಬಡಬ ಬಡಿಯುತ್ತದೆ
ಹಳೆ ದೋಣಿಯ ಎಂಜಿನ್ನಿನಂತೆ; ಅವಳಿಗೆ ರೂಢಿ,
ನಿದ್ದೆ ಹತ್ತಿದಂತಿದೆ.
ಪರದೆಯಲ್ಲಿ ಲಿವರು ಕಪ್ಪು.
ಹಸಿದ ಜೀವಕೋಶಗಳು ಕುಸುರೆಳ್ಳು ಮುಕ್ಕಿವೆ,
ಮುಕ್ಕಿದ ಜಾಗವೆಲ್ಲ ಕಪ್ಪು. ಕಪ್ಪೆಂದರೆ ಕ್ಷೇಮ.
ಇಲ್ಲಿ ಲೆಕ್ಕ ತಿರುಗುಮುರುಗು,
ಅಮಾವಾಸ್ಯೆಯ ಕಡಲಿನ ಹಾಗೆ
ಗಾಢ ಕತ್ತಲಿದ್ದರೇ ಒಳ್ಳೆಯ ಸುದ್ದಿ.

ಬಲಗಡೆ, ಕೆಳಗೆ,
ಕೊಟ್ಟದ್ದನ್ನು ಮುಟ್ಟದೆ
ಬೆಳ್ಳಗೆ ಒಂದು ಕೂತಿದೆ, ತೊಗರಿಬೇಳೆಯಷ್ಟು.
ಎಳ್ಳು ತಿಂದು ಒಳ್ಳೆ ಮಾತಾಡುವುದು
ಅದಕ್ಕೆ ಗೊತ್ತಿಲ್ಲ.

ಎದ್ದು ಬಂದವಳು ಮೊದಲು ಕೀಲಿಕೈ ಗಂಟು ಕಟ್ಟಿಕೊಂಡಳು.
"ಏನು ಕಂಡಿತು?"
ಡಾಕ್ಟರು ನೋಡಬೇಕು, ಎಂದೆ. ಹೇಳುವುದು ನನ್ನ ಕೆಲಸವಲ್ಲ.
ಬುಟ್ಟಿಯ ಬಂಗಡೆಯ ಕಿವಿರೆತ್ತಿ ನೋಡುವ ಹಾಗೆ
ನನ್ನ ಮುಖವನ್ನೊಮ್ಮೆ ನೋಡಿದಳು,
ಬೆಲೆ ಕೇಳಲಿಲ್ಲ.

ಮೂಗುಬೊಟ್ಟು ಸಿಕ್ಕಿಸಲು ಕನ್ನಡಿ ಬೇಕೆಂದಳು.
ಇರಲಿಲ್ಲ.
ಆರಿಸಿದ ಪರದೆಯ ಕಪ್ಪಿಗೆ ಬಗ್ಗಿ
ತಡಕಾಡಿ, ಸಿಕ್ಕಿಸಿಕೊಂಡಳು.